ಕಾಗುಣಿತವಿಲ್ಲದ ಕಾಲಂ

ಮೇಡಂ ತೀರಿಕೊಂಡ ಸುದ್ದಿ ಬಂದಾಗ ನನ್ನ ಮೂಗಿಗೆ ಬಡಿದದ್ದು ನೇಲ್ ಪಾಲಿಶ್ ವಾಸನೆ. ಸಾವಿನ ಸುದ್ದಿಗೆ ಇದು ತಕ್ಕ ನೆನಪಲ್ಲ ಎಂಬುದು ನನಗೂ ಗೊತ್ತು. ಕಣ್ಣು ಒದ್ದೆಯಾಯಿತು ಎಂದೋ, ಅವರ ದನಿ ಕಿವಿಯಲ್ಲಿ ಕೇಳಿದಂತಾಯಿತು ಎಂದೋ ಬರೆದರೆ ಓದುವವರಿಗೂ ಸಲೀಸು, ನನಗೂ ಮರ್ಯಾದೆ. ಆದರೆ ಬಂದದ್ದು ಆ ವಾಸನೆಯೇ. ಅವರಾದರೋ ಜೀವಮಾನದಲ್ಲಿ ಒಮ್ಮೆಯೂ ಉಗುರಿಗೆ ಬಣ್ಣ ಹಚ್ಚಿದವರಲ್ಲ. ಹಚ್ಚಿಕೊಂಡು ಬಂದ ಹುಡುಗಿಯರನ್ನು ಕಂಡರೆ, "ಬೆರಳಿಗೇನು ಪೆಟ್ಟಾಗ್ಯದೇನವಾ?" ಎಂದು ತುಂಬ ಕಳಕಳಿಯಿಂದ ವಿಚಾರಿಸುತ್ತಿದ್ದರು.

ಹೊಸಪೇಟೆಯಲ್ಲಿ ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಸಂಡೂರು ಕಡೆಯ ಗಣಿಗಳಿಗೆ ಕೆಲಸಗಾರರನ್ನು ಒದಗಿಸುವ ಗುತ್ತಿಗೆದಾರರದು. ಗಣಿಯೊಳಗೆ ಅದಿರು ಅಗೆಯುವವರು ಬೇರೆ. ನಾವು ಅಗೆಯುತ್ತಿದ್ದುದು ಅಗೆಯುವವರ ಹೆಸರುಗಳನ್ನು. ಯಶವಂತನಗರದ ಸೈಟಿನಿಂದ ಕೆಲಸಗಾರರ ಹೆಸರು, ತಂದೆಯ ಹೆಸರು, ಊರು ಇರುವ ಎಕ್ಸೆಲ್ ಹಾಳೆಗಳು ಬರುತ್ತಿದ್ದವು. ಅವನ್ನು ತಿದ್ದಿ ಮುಂದೆ ಕಳಿಸುವುದು ಮೇಡಂ ಕೆಲಸ. ಅವರ ಪಕ್ಕದಲ್ಲಿ ಕೂತು ಮೂಲ ಅರ್ಜಿಗಳನ್ನು ಗಟ್ಟಿಯಾಗಿ ಓದುವುದು ನನ್ನ ಕೆಲಸ. ನನಗೆ ಎರಡು ಡಿಗ್ರಿಗಳಿದ್ದವು. ಗಟ್ಟಿಯಾಗಿ ಓದಲು ಎರಡೂ ಬೇಕಾಗುತ್ತಿರಲಿಲ್ಲ.

ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಒಂದು ಕಾಲಕ್ಕೆ ಊರಿನಲ್ಲಿ ಟೈಪಿಂಗ್ ಕಲಿಸುತ್ತಿದ್ದರಂತೆ. ಕಂಪ್ಯೂಟರ್ ಬಂದು ಆ ಇನ್‌ಸ್ಟಿಟ್ಯೂಟ್ ಮುಚ್ಚಿದ ಮೇಲೆ ಕಂಪ್ಯೂಟರಿನ ಮುಂದೆಯೇ ಬಂದು ಕೂತರು. ಬಹುಶಃ ಸೇಡು ತೀರಿಸಿಕೊಳ್ಳಲು. ಐವತ್ತರ ಮೇಲಿನ ವಯಸ್ಸು, ಎತ್ತರದ ಆಳು, ಒಂಟಿ ಜೀವ, ಇಸ್ತ್ರಿ ಮಾಡಿದ ಕಾಟನ್ ಸೀರೆ. ಪರದೆಯ ಮೇಲೆ ಒಂದು ಸ್ಕೇಲನ್ನು ಅಡ್ಡಲಾಗಿ ಹಿಡಿದು, ಸಾಲು ಸಾಲಾಗಿ ಕೆಳಗಿಳಿಸುತ್ತ ನೋಡುತ್ತಿದ್ದರು. ಸ್ಕೇಲು ಮರದ್ದು, ಅಂಚಿಗೆ ನೀಲಿ ಶಾಯಿಯ ಕಲೆ. ಹೀಗೆ ಬರೆದೆನಲ್ಲ, ನಮ್ಮ ಕಚೇರಿಯಲ್ಲಿ ಮರದ ಸ್ಕೇಲೇ ಇರಲಿಲ್ಲ, ಇದ್ದದ್ದು ಸ್ಟೀಲಿನವು. ಮರದ್ದು ನನ್ನ ಪ್ರೈಮರಿ ಶಾಲೆಯ ಮೇಷ್ಟ್ರ ಕೈಯಲ್ಲಿತ್ತು. ಇವರ ಕೈಗೆ ಅದು ಹೇಗೆ ಬಂತೋ ತಿಳಿಯದು. ಆದರೆ ಸ್ಟೀಲಿನ ಸ್ಕೇಲು ಕೊಟ್ಟರೆ ನನ್ನ ನೆನಪಿನಲ್ಲಿರುವ ಮೇಡಂ ಅದನ್ನು ಹಿಡಿಯಲು ಒಪ್ಪುತ್ತಿಲ್ಲ.

ಹೆಸರುಗಳನ್ನು ಅವರು ಹಿಂದಿನಿಂದ ಮುಂದಕ್ಕೆ ಓದುತ್ತಿದ್ದರು. ಪಂಪಾಪತಿ ಎಂದು ನಾನು ಓದಿದರೆ ಅವರ ತುಟಿ ತಿ, ಪ, ಪಾ, ಪಂ ಎಂದು ಅಲುಗುತ್ತಿತ್ತು. ಯಾಕೆ ಎಂದು ಮೊದಲ ವಾರವೇ ಕೇಳಿದೆ.

"ಮುಂದಿಂದ ಓದಿದ್ರ ಕಣ್ಣು ಗೊತ್ತಿದ್ದದ್ದನ್ನ ನೋಡ್ತದ್ರಿ ಸಾಹೇಬ್ರ, ಬರದದ್ದನ್ನ ನೋಡೂದಿಲ್ಲ" ಎಂದರು. ನನ್ನನ್ನು ಅವರು ಸಾಹೇಬ್ರ ಎನ್ನುತ್ತಿದ್ದುದು ಗೌರವದಿಂದಲ್ಲ.

ಸೈಟಿನಲ್ಲಿ ಹಾಳೆ ತುಂಬುತ್ತಿದ್ದ ಗುಮಾಸ್ತ ಮೌಲಾಲಿ. ಅವನ ಹಾಳೆಯಲ್ಲಿ ಒಬ್ಬನೇ ಮನುಷ್ಯ ಜನವರಿಯಲ್ಲಿ ಒಂದು ಥರ, ಫೆಬ್ರವರಿಯಲ್ಲಿ ಇನ್ನೊಂದು ಥರ ಇರುತ್ತಿದ್ದ. ಪ್ರತಿ ತಿಂಗಳೂ ಫೋನಿನಲ್ಲಿ ಜಗಳ.

"ಅಲ್ರೀ ಮೌಲಾಲಿ, ಇಡೀ ಹಾಳಿಯೊಳಗ ಒಂದ ಹೆಸರು ಸರಿ ಬರದ್ರ ನಿಮ್ಮ ಕೈ ಬಿದ್ದು ಹೋಗ್ತದೇನು?"

ಸ್ಪೀಕರಿನಲ್ಲಿ ಅವನ ನಗು ಕೇಳುತ್ತಿತ್ತು. "ಎಲ್ಲಾ ಸರಿ ಬರದ್ರ ನಿಮ್ಗೇನ್ ಕೆಲ್ಸ ಉಳೀತೈತ್ರಿ ಮೇಡಂ? ನಿಮ್ ಸಲುವಾಗೇ ತಪ್ಪು ಬರೀತೀನಿ."

"ಭಾಳ ಉಪಕಾರ ಆತು."

ಕೆಲಸಗಾರರು ಅಪರೂಪಕ್ಕೆ ಕಚೇರಿಗೆ ಬಂದರೆ ಅವರನ್ನು ಎದುರು ಕೂಡಿಸಿಕೊಂಡು ವಿಚಾರಣೆ ನಡೆಸುತ್ತಿದ್ದರು. ಒಮ್ಮೆ ಒಬ್ಬನನ್ನು, "ನಿಮ್ಮ ಹೆಸರು ನೀವು ಹೆಂಗ ಬರೀತೀರಿ?" ಎಂದು ಕೇಳಿದರು. ಅವನು, "ನಾ ಬರಿಯಂಗಿಲ್ರಿ. ಕರೀತಾರ್ರಿ" ಎಂದ. ಮೇಡಂ ಮೊದಲ ಬಾರಿಗೆ ನಿರುತ್ತರರಾದರು ಎಂದು ಬರೆಯುವ ಆಸೆಯಾಗುತ್ತದೆ. ಇಲ್ಲ. "ಕರದವ್ರು ಹೋಗ್ಬಿಡ್ತಾರ, ಬರದದ್ದು ಉಳೀತದ. ಕುಂದ್ರಿ" ಎಂದು ಅವನಿಂದ ಆಧಾರ್ ಕಾರ್ಡು, ರೇಷನ್ ಕಾರ್ಡು, ಮಗನ ಶಾಲೆಯ ಕಾಗದ ಎಲ್ಲ ತರಿಸಿದರು. ಮೂರರಲ್ಲಿ ಮೂರು ಥರ ಇತ್ತು. ನಾಲ್ಕನೆಯದನ್ನು ಅವರೇ ತೀರ್ಮಾನಿಸಿದರು.

ಬಂಧುಗಳ ಮನೆಯಿಂದ ಬಂದ ಲಗ್ನಪತ್ರಿಕೆಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸು ಕಳಿಸುತ್ತಿದ್ದರು. ಕೆಲವರು ಅವರನ್ನು ಕರೆಯುವುದನ್ನೇ ಬಿಟ್ಟರು. "ಊಟ ತಪ್ಪಿತು, ತಪ್ಪೂ ತಪ್ಪಿತು" ಎಂದು ನಗುತ್ತಿದ್ದರು. ವಿನಯ ಅವರಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ತಮ್ಮ ಕಣ್ಣಿನ ಬಗ್ಗೆ ಅವರಿಗಿದ್ದ ಜಂಬ ನಮಗೆಲ್ಲ ಸ್ವಲ್ಪ ಕಿರಿಕಿರಿ, ಸ್ವಲ್ಪ ಧೈರ್ಯ. ಅವರು ನೋಡಿದ್ದಾರೆ ಎಂದರೆ ಮತ್ತೆ ಯಾರೂ ನೋಡಬೇಕಾಗಿರಲಿಲ್ಲ. ಯಾರೂ ನೋಡುತ್ತಲೂ ಇರಲಿಲ್ಲ.

ಒಂದು ವರ್ಷ ಗಣಿಯ ಸುರಕ್ಷತಾ ವಿಭಾಗದವರು ಹೊಸ ನಿಯಮ ತಂದರು. ಪ್ರತಿ ಕೆಲಸಗಾರನೂ ಕೊರಳಲ್ಲಿ ಗುರುತಿನ ಕಾರ್ಡು ಹಾಕಿಕೊಂಡೇ ಒಳಗೆ ಬರಬೇಕು. ಫೋಟೋ, ಹೆಸರು, ತಂದೆಯ ಹೆಸರು, ಊರು. ಕೊನೆಯಲ್ಲಿ ರಕ್ತದ ಗುಂಪು. ಅಪಘಾತವಾದರೆ ಬೇಕಾಗುತ್ತದೆಂದು. ಸೈಟಿನಲ್ಲಿ ಶಿಬಿರ ಹಾಕಿ ಎಲ್ಲರ ಬೆರಳು ಚುಚ್ಚಿ ರಕ್ತ ನೋಡಿದರು. ಮೌಲಾಲಿ ಎಲ್ಲವನ್ನೂ ಒಂದು ದೊಡ್ಡ ಹಾಳೆಗೆ ತುಂಬಿ ನಮಗೆ ಕಳಿಸಿದ. ಎಂದಿನಂತೆ ಅದರಲ್ಲಿ ಹೆಸರುಗಳ ಕೊಲೆ ನಡೆದಿತ್ತು.

ಮೇಡಂ ಆ ಹಾಳೆಯನ್ನು ಮುಗಿಸಿದ ದಿನ ನಾನು ರಜೆಯಲ್ಲಿದ್ದೆ. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂಬುದು ಮುಂದೆ ತಿಳಿಯುತ್ತದೆ. ಅಂದು ನಡೆದದ್ದನ್ನು ಅವರೇ ನನಗೆ ಎರಡು ಸಲ ಹೇಳಿದರು. ಎರಡರಲ್ಲೂ ಮುಖ್ಯ ಸಂಗತಿ ಒಂದೇ.

ಒಂದೇ ಹೆಸರು ಎಲ್ಲ ಕಡೆ ಒಂದೇ ಥರ ಇರಬೇಕು ಎಂಬುದು ಅವರ ಹಟ. ಅದಕ್ಕೆ ಅವರ ಉಪಾಯವೆಂದರೆ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು. ಆಗ ಹುಲುಗಪ್ಪಗಳೆಲ್ಲ ಒಂದೆಡೆ, ಕುಮಾರಸ್ವಾಮಿಗಳೆಲ್ಲ ಒಂದೆಡೆ ಬಂದು ನಿಲ್ಲುತ್ತಾರೆ; ಯಾರ ಅಂಗಿಗೆ ಗುಂಡಿ ತಪ್ಪಿದೆ ಎಂದು ಒಂದೇ ನೋಟಕ್ಕೆ ಕಾಣುತ್ತದೆ. ಹಾಗೆ ಜೋಡಿಸುವಾಗ ಇಡೀ ಸಾಲು ಕದಲುವಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಕೆಲವು ಕಾಲಂಗಳು ಕದಲಿ, ಉಳಿದವು ಇದ್ದಲ್ಲೇ ಇದ್ದುಬಿಡುತ್ತವೆ. ಮೇಡಂ ಫೋಟೋ ನಂಬರು, ಹೆಸರು, ತಂದೆಯ ಹೆಸರು, ಊರು ಇಷ್ಟನ್ನು ಆರಿಸಿಕೊಂಡರು. ರಕ್ತದ ಗುಂಪನ್ನು ಬಿಟ್ಟರು. ಅದರಲ್ಲಿ ಕಾಗುಣಿತವಿರಲಿಲ್ಲ, ಆದ್ದರಿಂದ ಅದು ಅವರ ವ್ಯಾಪ್ತಿಯಲ್ಲಿ ಇರಲಿಲ್ಲ. ಪಕ್ಕದ ಕಾಲಮ್ಮನ್ನೂ ಸೇರಿಸಿಕೊಳ್ಳಲೇ ಎಂದು ಕಂಪ್ಯೂಟರ್ ಕೇಳಿತು. "ಇದಕ್ಕ ಕೇಳೂದೊಂದ ಗೊತ್ತದ" ಎಂದು ಬೈದು, ಬೇಡ ಎಂದು ಒತ್ತಿದರು.

ಹೆಸರುಗಳು ತಮ್ಮ ಅಪ್ಪಂದಿರನ್ನೂ ಊರುಗಳನ್ನೂ ಫೋಟೋಗಳನ್ನೂ ಕರೆದುಕೊಂಡು ಮೇಲೆ ಕೆಳಗೆ ಹೋದವು. ರಕ್ತ ಇದ್ದಲ್ಲೇ ಉಳಿಯಿತು.

ಕಾರ್ಡುಗಳು ಮುದ್ರಣವಾಗಿ ಬಂದಾಗ ಸೈಟಿನಲ್ಲಿ ಹಬ್ಬ. ಕೆಲವರು ತಮ್ಮ ಹೆಸರನ್ನು ಸರಿಯಾಗಿ ನೋಡಿದ್ದೇ ಮೊದಲಂತೆ. ಒಬ್ಬಾತ ತೀರಿಹೋದ ಅಪ್ಪನ ಹೆಸರಿನ ಮೇಲೆ ಬೆರಳಾಡಿಸುತ್ತ ಬಸ್ಸು ತಪ್ಪಿಸಿಕೊಂಡನಂತೆ. ನಮ್ಮ ಮಾಲೀಕರಾದ ಸಾವ್ಕಾರ್ರು ಕಚೇರಿಗೆಲ್ಲ ಪೇಡ ಹಂಚಿ, "ಒಂದ ತಪ್ಪು ಹುಡುಕಿ ಕೊಟ್ರ ನೋಡೂನು" ಎಂದರು. ಯಾರೂ ಹುಡುಕಲಿಲ್ಲ. ಮೇಡಂ ಎರಡು ಪೇಡ ತಿಂದರು.

ಕೆಲವು ದಿನಗಳಾದ ಮೇಲೆ ಕಂಪನಿ ಬಸ್ಸಿನ ಡ್ರೈವರ್ ಜಂಬಣ್ಣ ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದ. ಕೊರಳಿನ ಕಾರ್ಡನ್ನು ಮೇಡಂ ಮೇಜಿನ ಮೇಲಿಟ್ಟು ಗಹಗಹಿಸಿ ನಕ್ಕ.

"ಹೆಸ್ರು ತಿದ್ದಿದ್ರಿ, ನಮ್ಮಪ್ಪನ್ನ ತಿದ್ದಿದ್ರಿ, ಸರಿ ಆತ್ರಿ. ನನ್ ರಕ್ತನೂ ತಿದ್ದಿಬಿಟ್ರಲ್ರಿ ಮೇಡಂ!"

ಅವನದು ಓ ನೆಗೆಟಿವ್. ಅಪರೂಪದ್ದು. ಆಸ್ಪತ್ರೆಯವರು ಆಗಾಗ ಕರೆಸಿ ರಕ್ತ ಕೊಡಿಸಿಕೊಳ್ಳುತ್ತಿದ್ದರಿಂದ ಅವನಿಗೆ ಅದು ಬಾಯಿಪಾಠ. ಕಾರ್ಡಿನಲ್ಲಿ ಎ ಪಾಸಿಟಿವ್ ಎಂದಿತ್ತು.

ಮೇಡಂ ನಗಲಿಲ್ಲ. ಮೌಲಾಲಿಯ ಮೂಲ ಹಾಳೆಯನ್ನು ತೆರೆದರು. ತಮ್ಮದನ್ನು ಪಕ್ಕದಲ್ಲಿ ತೆರೆದರು. ನನಗೆ ಓದಲು ಹೇಳಿದರು. ನಾನು ಓದುತ್ತ ಹೋದಂತೆ ಅವರ ಕೈಯ ಸ್ಕೇಲು ಇಳಿಯುವುದನ್ನು ಬಿಟ್ಟು ನಿಂತೇಬಿಟ್ಟಿತು. ಆ ಹೊಲಸು ಹಾಳೆಯಲ್ಲಿ ಒಂದು ಹೆಸರೂ ನೆಟ್ಟಗಿರಲಿಲ್ಲ, ಉಳಿದುದೆಲ್ಲ ಸರಿಯಾಗಿತ್ತು. ನಮ್ಮ ಚೊಕ್ಕ ಹಾಳೆಯಲ್ಲಿ ಒಬ್ಬನ ರಕ್ತ ಇನ್ನೊಬ್ಬನ ಹೆಸರಿನ ಮುಂದೆ ಹರಿಯುತ್ತಿತ್ತು. ಗುಂಪುಗಳು ಇರುವುದೇ ಕೆಲವಾದ್ದರಿಂದ ಎಷ್ಟೋ ಜನಕ್ಕೆ ಆಕಸ್ಮಿಕವಾಗಿ ಸರಿಯಾದದ್ದೇ ಬಿದ್ದಿತ್ತು. ಉಳಿದವರು ನೋಡಿಕೊಂಡಿರಲಿಲ್ಲ. ಎಲ್ಲರೂ ಹೆಸರು ನೋಡಿಕೊಳ್ಳುವುದರಲ್ಲಿ ಮಗ್ನರಾಗಿದ್ದರು.

"ಯಾವನರ ಲೋಡರ್ ಕೆಳಗ ಸಿಕ್ಕಂದ್ರ, ಕೊರಳಾಗಿನ ಕಾರ್ಡ್ ನೋಡಿ ರಕ್ತ ಏರಿಸ್ತಾರ" ಎಂದರು ಮೇಡಂ. ನನಗಲ್ಲ, ಪರದೆಗೆ.

ನೇರವಾಗಿ ಸಾವ್ಕಾರ್ರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು.

"ಕಾರ್ಡೆಲ್ಲ ವಾಪಸ್ ತರಿಸ್ರಿ. ತಪ್ಪಾಗ್ಯದ."

"ನಿಮ್ಮಿಂದ? ಹೋಗ್ರಿ ಮೇಡಂ. ಬಿಸಲಾಗ ತಿರುಗ್ಯಾಡೀರೇನು? ನೀರು ಕುಡೀರಿ."

ಅವರು ವಿವರಿಸಿದರು. ಸಾವ್ಕಾರ್ರು ಕೇಳಿದರು. ಕೇಳಿ, "ಆಸ್ಪತ್ರಿಯವ್ರು ಮತ್ತ ಚೆಕ್ ಮಾಡ್ತಾರ ಬಿಡ್ರಿ. ಕಾರ್ಡ್ ನೋಡಿ ಯಾರರ ರಕ್ತ ಏರಿಸ್ತಾರೇನು?" ಎಂದರು.

"ಅವ್ರು ಚೆಕ್ ಮಾಡ್ತಾರ ಅಂತ ನೀವು. ನಾವು ಚೆಕ್ ಮಾಡೀವಿ ಅಂತ ಅವ್ರು. ಚೆಕ್ ಮಾಡೋರು ಯಾರು?"

ಸಾವ್ಕಾರ್ರ ಬಳಿ ಉತ್ತರಕ್ಕಿಂತ ಗಟ್ಟಿಯಾದದ್ದಿತ್ತು. ಸುರಕ್ಷತಾ ವಿಭಾಗದವರು ಕಾರ್ಡುಗಳನ್ನು ಒಪ್ಪಿ ಆಗಿತ್ತು. ಈಗ ವಾಪಸು ತಂದರೆ ಗುತ್ತಿಗೆಯೇ ಹೋದೀತು. ಬರುವ ವರ್ಷ ಹೊಸ ಕಾರ್ಡು ಮಾಡಿಸುವಾಗ ನೋಡೋಣ ಎಂದರು. ನೋಡಿದರು ಕೂಡ. ಮರುವರ್ಷದ ಕಾರ್ಡಿನಲ್ಲಿ ರಕ್ತದ ಗುಂಪಿನ ಜಾಗವೇ ಇರಲಿಲ್ಲ. ತಪ್ಪಿಗೆ ಜಾಗವೇ ಇಲ್ಲದಂತೆ ಮಾಡುವುದು ಅವರ ಪದ್ಧತಿ.

ಮರುದಿನದಿಂದ ಮೇಡಂ ಪೇಪರಿನಲ್ಲಿ ಮೊದಲು ಜಿಲ್ಲೆಯ ಪುಟ ತೆರೆಯತೊಡಗಿದರು. ಸಂಡೂರು ರಸ್ತೆಯಲ್ಲಿ ಲಾರಿ ಮಗುಚಿದ ಸುದ್ದಿಯಿದ್ದರೆ ಮೌಲಾಲಿಗೆ ಫೋನು. "ನಮ್ಮೋರೇನು?" ಅಲ್ಲ ಎಂದರೆ ಫೋನಿಟ್ಟು ಪೇಪರು ಮಡಿಸುತ್ತಿದ್ದರು. ಆಮೇಲೆ ಒಂದು ದಿನ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಫ್ಯಾನ್ಸಿ ಸ್ಟೋರಿಗೆ ಹೋದರು.

"ಯಾವ ಶೇಡ್ ಬೇಕ್ರಿ ಆಂಟಿ?" ಎಂದಳು ಅಂಗಡಿಯ ಹುಡುಗಿ.

"ಮುಚ್ಚೋ ಅಂಥದ್ದು ಕೊಡವಾ."

ಮಾರ್ಕರ್ ಪೆನ್ನನ್ನು ಅವರು ಮನೆಯಲ್ಲಿ ಪ್ರಯೋಗಿಸಿ ನೋಡಿದ್ದರಂತೆ. ಪ್ಲಾಸ್ಟಿಕ್ಕಿನ ಮೇಲೆ ಅದು ಬೆವರಿಗೆ ಅಳಿಸಿ ಹೋಗುತ್ತದೆ. ನೇಲ್ ಪಾಲಿಶ್ ಹೋಗುವುದಿಲ್ಲ. ನೇರಳೆ ಹಣ್ಣಿನ ಬಣ್ಣದ ಒಂದು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಜಂಬಣ್ಣನ ಬಸ್ಸು ಹತ್ತಿದರು. ಕಾರ್ಡು ವಾಪಸು ಪಡೆಯಲು ಸಾವ್ಕಾರ್ರು ಬಿಡುವುದಿಲ್ಲ. ಆದರೆ ತಪ್ಪಿದ್ದ ಗುಂಪಿನ ಮೇಲೆ ಒಂದು ಬೊಟ್ಟು ಇಟ್ಟರೆ ಅದನ್ನು ನೋಡಿ ಯಾರೂ ಮೋಸಹೋಗುವುದಿಲ್ಲ. ಇಷ್ಟೇ ಅವರ ಯೋಜನೆ.

ಯಶವಂತನಗರದ ಬಸ್ ಸ್ಟಾಪಿನ ಎದುರಿನ ಚಹದಂಗಡಿಯಲ್ಲಿ ಒಂದು ಸ್ಟೂಲು ಹಾಕಿಸಿಕೊಂಡು ಕೂತರು. ಪಾಳಿ ಬಿಟ್ಟು ಬಂದವರ ಮೈಮೇಲೆಲ್ಲ ಕೆಂಪು ಧೂಳು. ಮೇಡಂ ಬಂದಿದ್ದಾರೆ, ಹೆಸರು ಬರೆದ ಮೇಡಂ, ಎಂದು ಗುಂಪು ಕೂಡಿತು. ಕೆಲವರು ಕೈಮುಗಿದರು. ಮೇಡಂ ಬಾಟಲಿಯ ಮುಚ್ಚಳ ತಿರುಗಿಸಿ, "ಕಾರ್ಡಿನೊಳಗ ಒಂದು ತಪ್ಪಾಗ್ಯದ. ರಕ್ತದ ಗುಂಪಿನ ಮ್ಯಾಲೆ ಬಣ್ಣ ಹಚ್ಚಿ ಕೊಡ್ತೀನಿ" ಎಂದರು.

ಒಬ್ಬರೂ ಕಾರ್ಡು ಬಿಚ್ಚಲಿಲ್ಲ.

"ಇಷ್ಟು ಚೆಂದ ಐತಿ, ಮ್ಯಾಲೆ ಕಲಿ ಮಾಡ್ಕೋಬೇಕೇನ್ರಿ?" ಎಂದ ಒಬ್ಬ. "ಅವನಿಗೆ ಬ್ಯಾಡ, ನನಗಷ್ಟ ಯಾಕ್ರಿ?" ಎಂದ ಇನ್ನೊಬ್ಬ. ಕ್ಯಾಂಟೀನಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು, "ನನ್ನ ಉಗರಿಗೆ ಹಚ್ರಿ ಮೇಡಂ, ಕಾರ್ಡಿಗೆ ಬ್ಯಾಡ" ಎಂದು ಕೈ ಚಾಚಿದಳು. ಎಲ್ಲರೂ ನಕ್ಕರು. ಹಿಂದಿನಿಂದ ಒಬ್ಬ ಹಿರಿಯ ಕೆಲಸಗಾರ ಕೇಳಿದ:

"ತಪ್ಪಾಗೇತಿ ಅಂತೀರಿ. ಮಾಡಿದ್ದು ಯಾರ್ರಿ?"

ಮೇಡಂ ಬ್ರಷ್ಷನ್ನು ಬಾಟಲಿಯಲ್ಲಿ ಅದ್ದಿದರು, ತೆಗೆದರು, ಮತ್ತೆ ಅದ್ದಿದರು. ಇಡೀ ಜೀವಮಾನ ಯಾರು ಮಾಡಿದ್ದು ಎಂದು ಬೇರೆಯವರನ್ನು ಕೇಳಿದ ಬಾಯಿ ಅದು. ಅಲ್ಲಿಂದ ಬೇಕಾದ ಪದ ಹೊರಗೆ ಬರಲು ಒಂದು ಲಾರಿ ಪೂರ್ತಿ ದಾಟಿ ಹೋಗಬೇಕಾಯಿತು.

"ನಾನು" ಎಂದರು. "ಮಾಡಿದಾಕಿ ನಾನ."

ಗುಂಪಿನಲ್ಲಿದ್ದ ಎಲ್ಲರ ಕಣ್ಣೂ ನಿಧಾನವಾಗಿ, ಒಟ್ಟಾಗಿ, ನನ್ನ ಕಡೆ ತಿರುಗಿತು.

"ಪಾಪ" ಎಂದಳು ಕ್ಯಾಂಟೀನಿನ ಹೆಂಗಸು. "ಈ ಸಾಹೇಬ್ರು ಮಾಡಿದ್ದನ್ನ ತಮ್ಮ ತಲಿ ಮ್ಯಾಲೆ ಹಾಕ್ಕೊಂಡಾರ ನೋಡವಾ. ದೊಡ್ಡ ಮನಸು." ಹಿರಿಯ ಕೆಲಸಗಾರ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೊರಳಿನಿಂದ ಕಾರ್ಡು ಬಿಚ್ಚಿ ಮೇಡಂ ಕೈಗಿಟ್ಟ. ಅವನ ಹಿಂದೆ ಸಾಲು ನಿಂತಿತು. ಮೇಡಂ ಒಂದೊಂದೇ ಬೊಟ್ಟು ಇಡುತ್ತ ಹೋದರು. ಚಹದವನು ಎಲ್ಲರಿಗೂ ಕೊಟ್ಟ ಮೇಲೆ ನನಗೆ ಕೊಟ್ಟ. ತಣ್ಣಗಿತ್ತು. ಅದು ಕಾಕತಾಳೀಯವೂ ಇದ್ದೀತು. ಇಂಥ ಕಡೆ ನನ್ನ ನೆನಪು ನನ್ನ ಪರ ವಾದಿಸುತ್ತದೆ, ಅದನ್ನು ನಾನು ಪೂರ್ತಿ ನಂಬುವುದಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ರೇಗಿದೆ. "ಮೇಡಂ, ನಾನು ಆ ದಿನ ಊರಾಗ ಇರ್ಲಿಲ್ಲ. ನೀವಾದ್ರೂ ಹೇಳ್ರಿ ಅವರಿಗೆ."

"ಹೇಳಿದ್ನಲ್ರಿ. ನಂಬಲಿಲ್ಲ."

"ಇನ್ನೊಮ್ಮೆ ಹೇಳ್ರಿ."

"ಇನ್ನೊಮ್ಮೆ ಹೇಳಿದ್ರ ನಿಮ್ಮನ್ನ ಹೊಡೀತಾರ."

ಜಂಬಣ್ಣ ಸ್ಟೇರಿಂಗ್ ಬಡಿದು ನಕ್ಕ. ಮೇಡಂ ಕಿಟಕಿಯ ಕಡೆ ತಿರುಗಿದರು. ಸ್ವಲ್ಪ ದೂರ ಹೋದ ಮೇಲೆ, "ಕಾರ್ಡ್ ಬರ್ಲಿಕ್ಕತ್ತಾವಲ್ಲ, ಸಾಹೇಬ್ರ. ನಿಮ್ಮ ಹೆಸರಿಗೆ ಒಂಚೂರು ಮಸಿ ಹತ್ತಿದ್ರ ಹತ್ಲಿ. ತೊಳಕೋಬಹುದು" ಎಂದರು. ಆಮೇಲೆ ಇನ್ನೂ ಮೆಲ್ಲಗೆ: "ಸರಿ ಇದ್ದಾಗ ನಂಗ ಇಷ್ಟು ಮರ್ಯಾದಿ ಯಾರೂ ಕೊಟ್ಟಿರ್ಲಿಲ್ಲ."

ಹೀಗೆ ಹಲವು ಪಾಳಿಗಳಿಗೆ ಹೋದೆವು. ಒಂದು ಅಕ್ಷರ ತಪ್ಪಿದರೆ ಊಟ ಸೇರದ ಹೆಂಗಸು, ನನ್ನ ಬಗ್ಗೆ ಆ ಊರು ಕಟ್ಟಿಕೊಂಡ ಇಡೀ ಸುಳ್ಳನ್ನು ತಿದ್ದದೆ ಹಾಗೇ ಬಿಟ್ಟರು. ಅದರಿಂದ ಯಾರೂ ಸಾಯುವುದಿಲ್ಲ ಎಂಬುದು ಅವರ ಲೆಕ್ಕ. ಇಂದಿಗೂ ಯಶವಂತನಗರದಲ್ಲಿ ನಾನು ರಕ್ತ ಬೆರೆಸಿದವನು. ಅವರು ಬೇರೆಯವನ ತಪ್ಪನ್ನು ಹೊತ್ತುಕೊಂಡ ತಾಯಿ. ಎಷ್ಟು ಜನ ಈ ಕಥೆಯನ್ನು ನನ್ನ ಎದುರಿಗೇ ಹೇಳಿದ್ದಾರೆಂದರೆ, ನಾನು ಆ ದಿನ ನಿಜವಾಗಿ ರಜೆಯಲ್ಲಿದ್ದೆನೇ ಎಂದು ಹಳೆಯ ಹಾಜರಿಯನ್ನು ಒಮ್ಮೆ ತೆಗೆದು ನೋಡಿದ್ದೇನೆ. ಇದ್ದೆ.

ಕೊನೆಗೆ ಉಳಿದವನು ಹುಲುಗಪ್ಪ ಎಂಬವನೊಬ್ಬ. ಕೆಲಸ ಬಿಟ್ಟು ಹೋಗಿದ್ದ, ಫೋನು ಹತ್ತುತ್ತಿರಲಿಲ್ಲ. "ಗಣಿ ಬಿಟ್ಟಾನಲ್ಲ ಮೇಡಂ, ಇನ್ನ ಕಾರ್ಡ್ ಯಾಕ ಹಾಕ್ಕೊಂತಾನ, ಬಿಡ್ರಿ" ಎಂದ ಮೌಲಾಲಿ. ಈಗೀಗ ಅವನ ದನಿಯಲ್ಲಿ ಗೆದ್ದವನ ಔದಾರ್ಯವಿತ್ತು. ಮೇಡಂ ಬಿಡಲಿಲ್ಲ. ಕಿಸೆಯಲ್ಲಿ ಇಟ್ಟುಕೊಂಡಿದ್ದರೂ ಸಾಕಲ್ಲ, ಅಪಘಾತ ಗಣಿಯೊಳಗೇ ಆಗಬೇಕೆಂದೇನಿದೆ? ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಹೊರುತ್ತಿದ್ದಾನೆ ಎಂದು ಪತ್ತೆಯಾಯಿತು. ನಾನೂ ಅವರೂ ಕಂಪ್ಲಿ ಬಸ್ಸು ಹತ್ತಿದೆವು.

ಗಿರಣಿಯ ಅಂಗಳದಲ್ಲಿ ಅವನು ತಲೆಗೆ ಟವೆಲ್ ಸುತ್ತಿಕೊಂಡು ತೌಡಿನ ಚೀಲಗಳ ಮೇಲೆ ಕೂತಿದ್ದ. ಇಪ್ಪತ್ತೈದರ ಆಸುಪಾಸಿನ ಗಟ್ಟಿ ಆಳು. ಮೇಡಂ ಗುರುತು ಹೇಳಿದೊಡನೆ ಎದ್ದು ನಿಂತ. ಕಾರ್ಡು ಕೇಳಿದ್ದಕ್ಕೆ ಕಿಸೆಯಿಂದ ತೆಗೆದುಕೊಟ್ಟ.

"ನೀವ ಇಟ್ಕೋರಿ ಮೇಡಂ. ಅದು ಇನ್ನ ನಂಗ ಬ್ಯಾಡ್ರಿ. ಕಾರ್ಡ್ ಕಳೀತೈತಿ, ಕೈ ಕಳೀತೈತೇನ್ರಿ?"

ಹಾಗೆಂದು ಹೆಮ್ಮೆಯಿಂದ ಬಲಗೈ ಮಣಿಕಟ್ಟು ತಿರುಗಿಸಿ ತೋರಿಸಿದ. ಅಲ್ಲಿ ಹಸಿರುಗಪ್ಪು ಬಣ್ಣದಲ್ಲಿ, ಅಚ್ಚು ಹಾಕಿದ ಹಾಗೆ, ಬಿ ಪಾಸಿಟಿವ್ ಎಂದು ಹಚ್ಚೆ.

ಅವನ ಬಾಮೈದ ಹಂಪಿಗೆ ಬರುವ ಪ್ರವಾಸಿಗರಿಗೆ ಮಷಿನ್ನಿನಲ್ಲಿ ಹಚ್ಚೆ ಹಾಕುವವನು. ಇವನಿಗೆ ಪುಕ್ಕಟೆ ಹಾಕಿಕೊಟ್ಟಿದ್ದ.

"ರಕ್ತ ನೋಡಿದಾಗ ನಿನಗ ಏನಂತ ಹೇಳಿದ್ರಪಾ?" ಮೇಡಂ ಕೇಳಿದರು.

"ಓ ಅಂತ ಹೇಳಿದ್ರಿ. ಆಮ್ಯಾಲೆ ಕಾರ್ಡ್ ನೋಡಿದ್ರ ಬ್ಯಾರೆ ಐತಿ. ಮೌಲಾಲಿ ಸಾರ್‌ನ ಕೇಳಿದೆ. ಮೇಡಂ ಚೆಕ್ ಮಾಡ್ಯಾರ ಅಂದ್ರ ಅದ ಖರೇ, ನಿಂದ ತಪ್ಪು ಅಂದ್ರು. ಅದಕ್ಕ ಕೈಮ್ಯಾಲೆ ಬರಸೇಬಿಟ್ಟೆ, ಮತ್ತ ಮರೀಬಾರ್ದಂತ."

ಮೇಡಂ ಕೈ ಚೀಲದೊಳಗೆ, ಬಾಟಲಿಯ ಮೇಲೆ ಇತ್ತು. ಅದು ಅಲ್ಲೇ ನಿಂತಿತು. ಮೂಲ ಹಾಳೆಯಲ್ಲಿ ಅವನ ಹೆಸರಿನ ಮುಂದೆ ಓ ಪಾಸಿಟಿವ್ ಇದ್ದದ್ದು ನನಗೂ ನೆನಪಿತ್ತು.

"ಅದು ತಪ್ಪದಪಾ" ಎಂದರು. "ತಪ್ಪು ಮಾಡಿದಾಕಿ ನಾನು."

ಹುಲುಗಪ್ಪ ಅವರನ್ನು ನೋಡಿದ. ನನ್ನನ್ನು ನೋಡಿದ. ನಾನು ಅಭ್ಯಾಸಬಲದಿಂದ ತಲೆ ತಗ್ಗಿಸಲು ಸಿದ್ಧನಾದೆ. ಅವನು ಮತ್ತೆ ಮೇಡಂ ಕಡೆ ತಿರುಗಿದ.

"ಹೌದೇನ್ರಿ?"

"ಹೌದು."

"ಹಂಗಾರ ಸರಿ ಮಾಡಿ ಕೊಡ್ರಿ."

ಅಷ್ಟೆ. ಅವನು ನಂಬಿದ. ಇಷ್ಟು ದಿನ ಹೇಳಿ ಹೇಳಿ ಸೋತ ಮಾತನ್ನು ಒಬ್ಬ ಮನುಷ್ಯ ಮೊದಲ ಬಾರಿಗೆ ಇದ್ದ ಹಾಗೆ ತೆಗೆದುಕೊಂಡ. ಆಗ ಮೇಡಂ ನಕ್ಕರು ಎಂದು ನನ್ನ ನೆನಪು ಹೇಳುತ್ತದೆ. ನಾನು ಅವರ ಹಿಂದೆ ನಿಂತಿದ್ದೆ. ಬೆನ್ನು ನಗುವುದನ್ನು ಹೇಗೆ ಕಂಡೆನೋ ಗೊತ್ತಿಲ್ಲ.

ಮೊದಲು ಅವನನ್ನು ಲ್ಯಾಬಿಗೆ ಕರೆದೊಯ್ದು ಮತ್ತೆ ರಕ್ತ ನೋಡಿಸಿದರು. ಓ ಪಾಸಿಟಿವ್. ಚೀಟಿ ಕೊಟ್ಟ ಹುಡುಗಿಯಿಂದ ಅದನ್ನು ಬಾಯಿಬಿಟ್ಟು ಓದಿಸಿದರು. ಅವನಿಗೆ ರಜೆಯಿದ್ದ ದಿನ ನಾವು ಮೂವರೂ ಹಂಪಿಗೆ ಹೋದೆವು. ಬಾಮೈದನ ಅಂಗಡಿಯೆಂದರೆ ಒಂದು ಹೋಟೆಲಿನ ಹಿಂದಿನ ಕಿರುಕೋಣೆ. ಗೋಡೆ ತುಂಬ ಹುಲಿ, ಹಾವು, ಓಂಕಾರಗಳ ಚಿತ್ರ. ಉದ್ದ ಕೂದಲನ್ನು ಗಂಟು ಹಾಕಿದ್ದ ಅವನು ಮಣಿಕಟ್ಟನ್ನು ದೀಪಕ್ಕೆ ಹಿಡಿದು ನೋಡಿ, "ಇದೇನ್ ದೊಡ್ಡ ಕೆಲ್ಸ ಅಲ್ಲ ಮಾವ. ಮ್ಯಾಲೆ ಒಂದು ಹನುಮಪ್ಪನ್ನ ಹಾಕಿ ಮುಚ್ಚಿಬಿಡ್ತೀನಿ. ಮಸ್ತ್ ಕಾಣ್ತೈತಿ" ಎಂದ.

"ಮುಚ್ಚಬ್ಯಾಡಪಾ" ಎಂದರು ಮೇಡಂ. "ಮುಚ್ಚಿದ್ದು ಸಾಕು. ಅದರ ಮ್ಯಾಲೆ ಒಂದು ಅಡ್ಡ ಗೆರಿ ಹೊಡಿ. ತಪ್ಪಿದ್ದು ಕಾಣ್ಲಿ. ಬಾಜೂಕ ಸರಿಯಾದ್ದು ಬರಿ."

ಹನುಮಪ್ಪ ಕೈತಪ್ಪಿದ್ದಕ್ಕೆ ಹುಲುಗಪ್ಪನಿಗೆ ಸ್ವಲ್ಪ ಬೇಸರವಾದಂತಿತ್ತು. ಗೆರೆ ಬಿದ್ದು, ಪಕ್ಕದಲ್ಲಿ ಓ ಪಾಸಿಟಿವ್ ಮೂಡಿದ ಮೇಲೆ ಮಣಿಕಟ್ಟನ್ನು ಅತ್ತ ಇತ್ತ ತಿರುಗಿಸಿ ನೋಡಿಕೊಂಡ. ಅವನ ಕಣ್ಣಿನಲ್ಲಿ ಚೇಷ್ಟೆ ಮಿನುಗಿತು.

"ಮೇಡಂ, ಬ್ಯಾಂಕಿನ್ಯಾಗ ಫಾರಂ ತಿದ್ದಿದ್ರ, ತಿದ್ದಿದ್ ಕಡೆ ಸಹಿ ಮಾಡಸ್ತಾರ್ರಿ. ಇಲ್ಲಾಂದ್ರ ನಡಿಯಂಗಿಲ್ಲಂತ. ಇದಕ್ಕ ಯಾರ್ ಸಹಿ?"

ಬಾಮೈದ ಜೋರಾಗಿ ನಕ್ಕ. ನಾನೂ ನಕ್ಕೆ. ಮೇಡಂ ನಗಲಿಲ್ಲ. ಚೀಲದಿಂದ ಪೆನ್ನು ತೆಗೆದರು, ಹುಲುಗಪ್ಪನ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು, ಅಡ್ಡ ಗೆರೆಯ ಕೊನೆಗೆ ತಮ್ಮ ಹೆಸರಿನ ಎರಡು ಅಕ್ಷರಗಳನ್ನು ಬಿಡಿಸಿ ಬಿಡಿಸಿ ಬರೆದರು.

"ಅಮ್ಮಾ, ಖರೇನ ಇದನ್ನೂ ಹಾಕ್ಲೇನ್ರಿ?" ಬಾಮೈದ ನಗು ನಿಲ್ಲಿಸಿ ಕೇಳಿದ. "ಇದು ಮತ್ತ ಹೋಗಂಗಿಲ್ರಿ."

"ಅವನ್ನ ಕೇಳು. ಕೈ ಅವಂದು."

ಹುಲುಗಪ್ಪ ಆ ಎರಡು ಅಕ್ಷರಗಳನ್ನು ನೋಡುತ್ತ ಕೂತ. ತಮಾಷೆಗೆ ಆಡಿದ ಮಾತು ಮೈಮೇಲೆ ಬಂದಿತ್ತು. "ಹಾಕ್ಬಿಡಲೇ" ಎಂದ ಕೊನೆಗೆ. "ಯಾರರ ಕೇಳಿದ್ರ, ಇವ್ರನ್ನ ಕೇಳ್ರಿ ಅಂತೀನಿ."

"ತಾರೀಖು?" ಎಂದ ಬಾಮೈದ.

"ಏ, ತಾರೀಖು ಬ್ಯಾಡಲೇ. ಉದ್ದ ಆಗ್ತೈತಿ, ಭಾಳ ಉರೀತೈತಿ."

"ಬೇಕು" ಎಂದರು ಮೇಡಂ. "ತಾರೀಖಿಲ್ಲಾಂದ್ರ ಯಾವುದು ಮೊದಲಿಂದು, ಯಾವುದು ಆಮ್ಯಾಲಿಂದು ಅಂತ ಡಾಕ್ಟರಿಗೆ ಹೆಂಗ ತಿಳೀಬೇಕು?"

ಮಷಿನ್ನು ಗುಂಯ್ ಎಂದಿತು. ಹುಲುಗಪ್ಪ ಮುಖವನ್ನು ಗೋಡೆಯ ಹುಲಿಯ ಕಡೆ ತಿರುಗಿಸಿ ಹಲ್ಲು ಕಚ್ಚಿದ. ತಾರೀಖು ಮುಗಿಯುವ ತನಕ ಮೇಡಂ ಅವನ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರು.